ಜರ್ಮನಿಗೆ ರಾಜ ಮರಳಿದ್ದರೆ? – ಮೇಷ್ಟ್ರಿಗೆ ಬಾಕಿ ಉಳಿದ ಒಂದು ಉತ್ತರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಪ್ಪ ಎಂದು ಸಂಪಾದಕ ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ನೆನಪಾದದ್ದು ಶಾಲೆಯ ಮುಂದಿನ ಹುಣಸೆಮರವೂ ಅಲ್ಲ, ರೈಲುಕಂಬಿಯ ತುಂಡಿನ ಗಂಟೆಯೂ ಅಲ್ಲ. ಅವುಗಳ ಬಗ್ಗೆ ನನಗಿಂತ ಮುಂಚಿನ ಬ್ಯಾಚಿನವರು ಚೆನ್ನಾಗಿ ಬರೆದಿರುತ್ತಾರೆ. ನನಗೆ ನೆನಪಾದದ್ದು ಒಂದು ಉತ್ತರ ಪತ್ರಿಕೆ. 2005ರ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಸಮಾಜ ವಿಜ್ಞಾನದ್ದು. ಪ್ರಶ್ನೆ: ಜರ್ಮನಿಯಲ್ಲಿ ನಾಜಿ ಪಕ್ಷ ಅಧಿಕಾರಕ್ಕೆ ಬರಲು ಕಾರಣಗಳೇನು? ನಾಲ್ಕು ಅಂಕ.

ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ನಿರುದ್ಯೋಗ ಎಂದು ಕಂಠಪಾಠ ಮಾಡಿದ್ದನ್ನೆಲ್ಲ ಬರೆದೆ. ಕೊನೆಗೆ ನನ್ನದೇ ಒಂದು ಸಾಲು ಸೇರಿಸಿದೆ: "ಜರ್ಮನಿಯವರು ತಮ್ಮ ರಾಜನನ್ನು ಓಡಿಸದೆ ಇದ್ದಿದ್ದರೆ ಹಿಟ್ಲರ್ ಬರುತ್ತಲೇ ಇರಲಿಲ್ಲ." ನಮ್ಮ ಸಮಾಜದ ಮೇಷ್ಟ್ರು ಮೂರು ಅಂಕ ಕೊಟ್ಟು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು: "ಇಟಲಿಯಲ್ಲಿ ರಾಜ ಇದ್ದನಲ್ಲ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದು ಅಂಕಕ್ಕೆ ವಾದ ಮಾಡಿದೆ. "ಹುಡುಕಿ ಬಂದು ಹೇಳು, ಕೊಡ್ತೀನಿ" ಎಂದರು. ಇಪ್ಪತ್ತು ವರ್ಷವಾಯಿತು. ಈ ಲೇಖನ ಆ ಒಂದು ಅಂಕದ್ದು.

ಆ ಸಾಲು ನನಗೆ ಬಂದದ್ದು ಪಠ್ಯಪುಸ್ತಕದಿಂದಲ್ಲ, ತಾತನಿಂದ. ನಮ್ಮ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ ಪಟವೂ ಇತ್ತು. ಹಬ್ಬದ ದಿನ ಅದಕ್ಕೂ ಹೂವು ಏರುತ್ತಿತ್ತು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೇ. ರಾಜ ಎಂದರೆ ನಮಗೆ ಕನ್ನಂಬಾಡಿ ಕಟ್ಟೆ, ಶಿವನಸಮುದ್ರದ ಕರೆಂಟು. ರಾಜನನ್ನು ಕಳೆದುಕೊಂಡ ನಾಡಿಗೆ ಕೇಡು ತಪ್ಪೀತೇ ಎಂಬುದು ಹದಿನಾರರ ಹುಡುಗನಿಗೆ ತರ್ಕವೇ ಅಲ್ಲ, ಕಣ್ಣೆದುರಿನ ಸತ್ಯ.

ಆಮೇಲೆ ಬಿ.ಇ. ಆಯಿತು, ಬೆಂಗಳೂರಾಯಿತು, ಕೋಡ್ ಬರೆಯುವ ಕೆಲಸವಾಯಿತು. ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಒಂದು ಸುಖವಿದೆ: ಒಂದು ಸಾಲು ಬದಲಿಸಿ ಮತ್ತೆ ಓಡಿಸಿ ನೋಡಬಹುದು. ಇತಿಹಾಸದಲ್ಲಿ ಅದಿಲ್ಲ. ಆದರೂ ಯಾವ ಸಾಲನ್ನು ಬದಲಿಸಿದ್ದರೆ ಫಲ ಬೇರೆಯಾಗುತ್ತಿತ್ತು ಎಂದು ಹುಡುಕುತ್ತ ಹೋದರೆ, ಆ ಕೋಡ್ ನಿಜವಾಗಿ ಹೇಗೆ ಬರೆದಿತ್ತು ಎಂಬುದು ತಿಳಿಯುತ್ತದೆ. ಕಂಪನಿ ಕೆಲಸದ ಮೇಲೆ ಹದಿನಾಲ್ಕು ತಿಂಗಳು ಜರ್ಮನಿಯಲ್ಲಿದ್ದಾಗ ಶನಿವಾರ ಭಾನುವಾರಗಳಲ್ಲಿ ನಾನು ಮಾಡಿದ್ದು ಇದನ್ನೇ. ಜೊತೆಯವರು ಸ್ವಿಟ್ಜರ್ಲೆಂಡಿನ ಹಿಮ ನೋಡಲು ಹೋದರೆ ನಾನು ಹಾಲೆಂಡಿನ ಡೋರ್ನ್ ಎಂಬ ಸಣ್ಣ ಊರಿಗೆ ಹೋದೆ.

ಜರ್ಮನಿಯ ಕೊನೆಯ ಚಕ್ರವರ್ತಿ, ಅವರ ಮಾತಿನಲ್ಲಿ ಕೈಸರ್, ಎರಡನೇ ವಿಲ್‌ಹೆಲ್ಮ್ ದೇಶ ಬಿಟ್ಟು ಬಂದು 1920ರಿಂದ ತನ್ನ ಕೊನೆಯ ದಿನದವರೆಗೆ ಇದ್ದದ್ದು ಡೋರ್ನ್‌ನಲ್ಲಿ. ಬರ್ಲಿನ್ನಿನಿಂದ ಅವನ ಸಾಮಾನು ಬಂದದ್ದು 59 ರೈಲು ವ್ಯಾಗನ್‌ಗಳಲ್ಲಿ. ಮನೆ ಈಗ ವಸ್ತುಸಂಗ್ರಹಾಲಯ. ಬರೆಯುವ ಮೇಜಿನ ಮುಂದೆ ಕುರ್ಚಿಯಿಲ್ಲ, ಕುದುರೆಯ ಜೀನು ಇದೆ. ಅದರ ಮೇಲೆ ಕೂತು ಪತ್ರ ಬರೆಯುತ್ತಿದ್ದನಂತೆ. ಹೊತ್ತು ಹೋಗದಿದ್ದರೆ ತೋಟದಲ್ಲಿ ಮರ ಕಡಿಯುತ್ತಿದ್ದ. ರಾಜ್ಯವಿಲ್ಲದ ರಾಜನೊಬ್ಬ ಇಪ್ಪತ್ತು ವರ್ಷ ಸೌದೆ ಸೀಳಿದ ಅಂಗಳದಲ್ಲಿ ನಿಂತಾಗ ನನಗೆ ತಾತನ ಪಟ ನೆನಪಾಯಿತು. ಇಬ್ಬರಿಗೂ ಹೋಲಿಕೆಯೇ ಇಲ್ಲ ಎಂಬುದು ಅಲ್ಲೇ ಹೊಳೆಯಿತು.

ಮೊದಲು 1918. ಯುದ್ಧದಲ್ಲಿ ಸೋಲು ಖಚಿತವಾದ ಮೇಲೆ ಅಕ್ಟೋಬರ್ ಕೊನೆಯಲ್ಲಿ ಜರ್ಮನಿಯ ಸಂವಿಧಾನಕ್ಕೆ ತಿದ್ದುಪಡಿಯಾಗಿ, ಪ್ರಧಾನಿ – ಅವರು ಚಾನ್ಸಲರ್ ಎನ್ನುತ್ತಾರೆ – ಸಂಸತ್ತಿಗೆ ಉತ್ತರ ಹೇಳಬೇಕು ಎಂಬ ಪದ್ಧತಿ ಬಂತು. ಅಂದರೆ ಇಂಗ್ಲೆಂಡಿನ ಮಾದರಿಯ ರಾಜಪ್ರಭುತ್ವ, ಕಾಗದದ ಮೇಲೆ, ಒಂದೆರಡು ವಾರದ ಮಟ್ಟಿಗೆ. ಸಮಾಜವಾದಿಗಳ ನಾಯಕ ಎಬರ್ಟ್‌ಗೂ ರಾಜಪ್ರಭುತ್ವವನ್ನು ಕಿತ್ತೊಗೆಯುವ ಆತುರವಿರಲಿಲ್ಲ. ನವೆಂಬರ್ 9ರಂದು ಅವನ ಸಹೋದ್ಯೋಗಿ ಶೈಡೆಮಾನ್ ಸಂಸತ್ ಭವನದ ಕಿಟಕಿಯಿಂದ ಗಣರಾಜ್ಯ ಘೋಷಿಸಿಬಿಟ್ಟಾಗ, ಅದನ್ನು ತೀರ್ಮಾನಿಸಲು ನೀನು ಯಾರು ಎಂದು ಎಬರ್ಟ್ ರೇಗಿದ. ಕೈಸರ್ ಕೆಲವು ವಾರ ಮೊದಲೇ ಮೊಮ್ಮಗನಿಗೆ ಪಟ್ಟ ಬಿಟ್ಟುಕೊಟ್ಟು ಸರಿದಿದ್ದರೆ ಸಿಂಹಾಸನ ಉಳಿಯುತ್ತಿತ್ತೋ ಏನೋ. ಅವನು ಸರಿಯಲಿಲ್ಲ. ಸೈನ್ಯ ನಿಮ್ಮ ಬೆನ್ನಿಗಿಲ್ಲ ಎಂದು ಸೇನಾಧಿಕಾರಿಗಳೇ ಹೇಳಬೇಕಾಯಿತು. ಹಾಲೆಂಡಿಗೆ ಹೋಗಿ ಎಂಬ ಸಲಹೆಯ ಹಿಂದೆ ಇದ್ದವನು ಫೀಲ್ಡ್ ಮಾರ್ಷಲ್ ಹಿಂಡೆನ್‌ಬರ್ಗ್. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ತನ್ನ ಒಡೆಯನನ್ನು ಗಡಿ ದಾಟಿಸಿದ ಕೊರಗು ಅವನನ್ನು ಕೊನೆತನಕ ಬಿಡಲಿಲ್ಲ.

ಇನ್ನೊಂದು ತೊಡಕು ನನಗೆ ಶಾಲೆಯಲ್ಲಿ ಗೊತ್ತೇ ಇರಲಿಲ್ಲ. "ರಾಜ" ಎಂದು ಏಕವಚನದಲ್ಲಿ ಬರೆದಿದ್ದೆನಲ್ಲ, ಜರ್ಮನಿಯಲ್ಲಿ 1918ರಲ್ಲಿ ಪಟ್ಟ ಇಳಿದವರು 22 ಮಂದಿ. ಪ್ರಷ್ಯ, ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬರ್ಗ್ ಎಂಬ ನಾಲ್ಕು ರಾಜ್ಯಗಳ ದೊರೆಗಳು, ಉಳಿದವರು ಡ್ಯೂಕರು, ಪ್ರಿನ್ಸರು. ನಮ್ಮ ಸಂಸ್ಥಾನಗಳ ಹಾಗೆ. ರಾಜ ಬೇಕು ಎಂದವರಲ್ಲೂ ಯಾವ ರಾಜ ಎಂಬ ಜಗಳ. ಬವೇರಿಯಾದವರಿಗೆ ತಮ್ಮ ಯುವರಾಜ ರುಪ್ರೆಕ್ಟ್ ಬೇಕು, ಪ್ರಷ್ಯದವರಿಗೆ ಹೋಹೆನ್‌ಜೋಲರ್ನ್ ಮನೆತನ ಬೇಕು. ಆ ಮನೆತನದೊಳಗೆ ಕೈಸರ್ ತನ್ನ ಹಕ್ಕು ಬಿಡನು. ಅವನ ಹಿರಿಮಗನ ಮೇಲೆ ಜನಕ್ಕೆ ಗೌರವವಿಲ್ಲ. ಮೊಮ್ಮಕ್ಕಳಲ್ಲಿ ಒಬ್ಬ, ಲೂಯಿ ಫರ್ಡಿನೆಂಡ್, ಅಮೆರಿಕದ ಡೆಟ್ರಾಯಿಟ್‌ನಲ್ಲಿ ಫೋರ್ಡ್ ಕಾರು ಕಂಪನಿಯಲ್ಲಿ ಕೆಲಸ ಮಾಡಿಬಂದವನು. ಇವನೇ ವಾಸಿಯಾಗಿದ್ದ ಎಂದು ನನಗೆ ಅನಿಸುತ್ತದೆ, ಕಂಪನಿ ಕೆಲಸದವನ ಪಕ್ಷಪಾತ ಇದ್ದರೂ ಇರಬಹುದು.

ಜನರ ಮನಸ್ಸು ಎಲ್ಲಿತ್ತು? 1926ರ ಜೂನ್‌ನಲ್ಲಿ ಹಳೆಯ ದೊರೆಗಳ ಆಸ್ತಿಯನ್ನು ಪರಿಹಾರವಿಲ್ಲದೆ ವಶಪಡಿಸಿಕೊಳ್ಳಬೇಕೆ ಎಂದು ಜನಮತ ಕೇಳಿದರು. ಬೇಕು ಎಂದವರು ಸುಮಾರು 1 ಕೋಟಿ 45 ಲಕ್ಷ. ಒಟ್ಟು ಮತದಾರರಲ್ಲಿ ಅರ್ಧದಷ್ಟು ಬೇಕಿದ್ದರಿಂದ ಅದು ಬಿದ್ದುಹೋಯಿತು. ಆದರೆ ಸಮಾಜವಾದಿಗಳೂ ಕಮ್ಯುನಿಸ್ಟರೂ ಚುನಾವಣೆಗಳಲ್ಲಿ ಪಡೆಯುತ್ತಿದ್ದ ಮತಗಳಿಗಿಂತ ಅದು ಬಹಳ ಹೆಚ್ಚು; ಬೇರೆ ಪಕ್ಷದವರೂ ದೊರೆಗಳ ವಿರುದ್ಧ ಮತ ಹಾಕಿದ್ದರು. ರಾಜಪ್ರಭುತ್ವ ಬೇಕೆನ್ನುತ್ತಿದ್ದ ಮುಖ್ಯ ಪಕ್ಷ, ಜರ್ಮನ್ ರಾಷ್ಟ್ರೀಯ ಜನತಾ ಪಕ್ಷ, 1924ರ ಡಿಸೆಂಬರ್‌ನಲ್ಲಿ ಶೇ. 20ರಷ್ಟು ಮತ ಪಡೆದಿತ್ತು. 1928ಕ್ಕೆ ಅದು ಶೇ. 14ಕ್ಕೆ ಇಳಿಯಿತು. 1932ರ ಜುಲೈಯಲ್ಲಿ ಶೇ. 6ರ ಆಸುಪಾಸು. ಅದೇ ಅವಧಿಯಲ್ಲಿ ಹಿಟ್ಲರನ ಪಕ್ಷ ಶೇ. 2.6ರಿಂದ ಶೇ. 37ಕ್ಕೆ ಏರಿತು. ಜಮೀನುದಾರರು, ಹಳೆಯ ಅಧಿಕಾರಿಗಳು, ಪಾದ್ರಿಗಳು, ಪ್ರೊಫೆಸರುಗಳು ರಾಜನ ಕಡೆ ಉಳಿದರು. ಅವರ ಹಿಂದೆ ನಡೆಯುತ್ತಿದ್ದ ಜನ ಬೇರೆ ಮೆರವಣಿಗೆಗೆ ಸೇರಿಕೊಂಡರು.

ಮತ ಇಲ್ಲದಿದ್ದರೂ ಅಧಿಕಾರ ಹೇಗೆ ಬಂತು? ಅದಕ್ಕೆ ಸಂವಿಧಾನದಲ್ಲೇ ಒಂದು ಹಿಂಬಾಗಿಲಿತ್ತು. ವೈಮಾರ್ ಸಂವಿಧಾನದ 48ನೇ ವಿಧಿಯ ಪ್ರಕಾರ ತುರ್ತು ಸಂದರ್ಭದಲ್ಲಿ ಅಧ್ಯಕ್ಷ ಸುಗ್ರೀವಾಜ್ಞೆಯಿಂದಲೇ ಆಡಳಿತ ನಡೆಸಬಹುದು, ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡಬಹುದು. (ನಮ್ಮ ಸಂವಿಧಾನದ ತುರ್ತುಪರಿಸ್ಥಿತಿಯಲ್ಲಿ ಹಕ್ಕುಗಳ ಅಮಾನತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮೂರಿನ ಮಕ್ಕಳು ಥಟ್ಟನೆ "ವೈಮಾರ್" ಎನ್ನುತ್ತಾರೆ. ಆ ಒಂದು ಪದದ ಹಿಂದಿನ ಕಥೆ ಇದು.) 1925ರಲ್ಲಿ ಅಧ್ಯಕ್ಷನಾಗಿ ಆಯ್ಕೆಯಾದವನು ಅದೇ ಹಿಂಡೆನ್‌ಬರ್ಗ್, ಆಗ 77 ವರ್ಷ. ಮನಸ್ಸಿನಲ್ಲಿ ರಾಜನ ಸೇವಕ, ಕುರ್ಚಿಯಲ್ಲಿ ಗಣರಾಜ್ಯದ ಮುಖ್ಯಸ್ಥ. 1930ರಲ್ಲಿ ಸಂಸತ್ತು 98 ಕಾನೂನು ಮಾಡಿತು, ಅಧ್ಯಕ್ಷನ ತುರ್ತು ಆಜ್ಞೆಗಳು 5. 1932ರಲ್ಲಿ ಸಂಸತ್ತಿನ ಕಾನೂನು 5, ಆಜ್ಞೆಗಳು 66. ಆ ವರ್ಷವಿಡೀ ಸಂಸತ್ತು ಕೂತದ್ದು 13 ದಿನ. ಹಿಟ್ಲರ್ ಬರುವ ಮುಂಚೆಯೇ ಮನೆಯ ಬಾಗಿಲು ಮುಚ್ಚಿಯಾಗಿತ್ತು, ಬೀಗ ಹಾಕುವುದೊಂದು ಬಾಕಿ.

ಈ ಕಾಲದಲ್ಲಿ ರಾಜನನ್ನು ಮರಳಿ ತರುವ ಯೋಚನೆ ಮಾಡಿದವನು 1930ರಿಂದ 1932ರ ಮೇ ತನಕ ಚಾನ್ಸಲರ್ ಆಗಿದ್ದ ಬ್ರೂನಿಂಗ್. ಕ್ಯಾಥೊಲಿಕ್ ಪಕ್ಷದವನು, ಮದುವೆಯಾಗದವನು, ಯುದ್ಧದಲ್ಲಿ ಮೆಷಿನ್‌ಗನ್ ತುಕಡಿಯ ಅಧಿಕಾರಿಯಾಗಿದ್ದವನು. ಸಂಬಳ ಕಡಿದು, ಪಿಂಚಣಿ ಕಡಿದು, ಜನರಿಂದ "ಹಸಿವಿನ ಚಾನ್ಸಲರ್" ಎಂಬ ಬಿರುದು ಪಡೆದವನು. ಅವನು ಸತ್ತ ಮೇಲೆ 1970ರಲ್ಲಿ ಬಂದ ಆತ್ಮಕಥೆಯಲ್ಲಿ ಅವನ ಯೋಜನೆಯ ವಿವರವಿದೆ: ಮುದುಕ ಹಿಂಡೆನ್‌ಬರ್ಗನ ಅವಧಿಯನ್ನು ಚುನಾವಣೆಯಿಲ್ಲದೆ ಸಂಸತ್ತಿನ ಮೂರನೇ ಎರಡು ಬಹುಮತದಿಂದ ವಿಸ್ತರಿಸುವುದು, ಆಮೇಲೆ ರಾಜಪ್ರಭುತ್ವ ಘೋಷಿಸಿ ಅವನನ್ನೇ ರಾಜಪ್ರತಿನಿಧಿ ಮಾಡುವುದು, ಅವನ ನಂತರ ಕೈಸರನ ಮೊಮ್ಮಗನೊಬ್ಬನಿಗೆ ಪಟ್ಟ. ಹಿಟ್ಲರನನ್ನು ತಡೆಯಲು ಸಮಾಜವಾದಿಗಳೂ ಇಂಗ್ಲೆಂಡಿನ ಮಾದರಿಯ ರಾಜನನ್ನು ನುಂಗಿಕೊಂಡಾರು ಎಂಬುದು ಅವನ ಲೆಕ್ಕ. ಮುಪ್ಪಿನಲ್ಲಿ ಬರೆದದ್ದು, ತನ್ನನ್ನು ಸಮರ್ಥಿಸಿಕೊಂಡದ್ದು ಎಂದು ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ನಂಬಿದರೂ ಕೊನೆ ಏನಾಯಿತು ನೋಡಿ. ಅವನ ಮಾತಿನಂತೆಯೇ, ಯೋಜನೆಯನ್ನು ಮುರಿದದ್ದು ಸಮಾಜವಾದಿಗಳಲ್ಲ, ಹಿಂಡೆನ್‌ಬರ್ಗ್. ನಿಜವಾದ ಚಕ್ರವರ್ತಿ ಡೋರ್ನ್‌ನಲ್ಲಿ ಬದುಕಿರುವಾಗ ಅವನನ್ನು ದಾಟಿ ಬೇರೆಯವನಿಗೆ ಪಟ್ಟ ಕಟ್ಟಲು ಅವನು ಒಪ್ಪಲಿಲ್ಲ. ಸಂಸತ್ತಿಗೆ ತಲೆಬಾಗುವ ರಾಜನೂ ಅವನಿಗೆ ಬೇಡ.

ಅವಧಿ ವಿಸ್ತರಣೆಗೆ ಒಪ್ಪದೆ ಇದ್ದವರು ಯಾರು ಗೊತ್ತೇ? ಹಿಟ್ಲರ್ ಸರಿ. ಜೊತೆಗೆ ರಾಜಪ್ರಭುತ್ವವಾದಿ ಪಕ್ಷದ ನಾಯಕ ಹೂಗೆನ್‌ಬೆರ್ಗ್. ಕೊನೆಗೆ ಚುನಾವಣೆಯೇ ನಡೆದು, 1932ರ ಏಪ್ರಿಲ್‌ನಲ್ಲಿ ಹಿಂಡೆನ್‌ಬರ್ಗ್ ಶೇ. 53 ಮತ ಪಡೆದು ಹಿಟ್ಲರನನ್ನು ಸೋಲಿಸಿದ. ಅವನಿಗೆ ಮತ ಹಾಕಿದ್ದು ಸಮಾಜವಾದಿಗಳು, ಕ್ಯಾಥೊಲಿಕರು. ಕೈಸರನ ಹಿರಿಮಗ ಬಹಿರಂಗವಾಗಿ ಬೆಂಬಲಿಸಿದ್ದು ಹಿಟ್ಲರನನ್ನು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಒಂದು ಸುತ್ತು ನಡೆದುಬಂದೆ. ಯಾಕೆಂದರೆ ಮುಂದಿನದು ನನ್ನ ಇಡೀ ಪ್ರಶ್ನೆಯನ್ನೇ ತಲೆಕೆಳಗು ಮಾಡಿತು. "ಹಿಟ್ಲರನ ಬದಲು ರಾಜಪ್ರಭುತ್ವವಾದಿ ಸಂಪ್ರದಾಯಸ್ಥರ ಸರ್ಕಾರ ಬಂದಿದ್ದರೆ" ಎಂದು ಕಲ್ಪಿಸುತ್ತಿದ್ದೆನಲ್ಲ, ಅಂಥ ಸರ್ಕಾರ ನಿಜವಾಗಿಯೇ ಬಂದಿತ್ತು. 1932ರ ಜೂನ್ 1ರಿಂದ ನವೆಂಬರ್ ತನಕ, ಫ್ರಾಂಜ್ ಫಾನ್ ಪಾಪೆನ್‌ನದು. ಮಂತ್ರಿಗಳಲ್ಲಿ ಬಹುಪಾಲು ಕುಲೀನ ಮನೆತನದವರು. ಜನ ಅದನ್ನು "ಬ್ಯಾರನ್‌ಗಳ ಮಂತ್ರಿಮಂಡಲ" ಎಂದು ಅಣಕಿಸಿದರು. ಪಾಪೆನ್ ಒಳ್ಳೆಯ ಕುದುರೆ ಸವಾರ, ಒಳ್ಳೆಯ ಮಾತುಗಾರ. ಸಂಸತ್ತಿನ ಮೇಲೆ ಒಂದು ಮೇಲ್ಮನೆ, ಮತದಾನದ ಹಕ್ಕಿಗೆ ಕತ್ತರಿ, ಮುಂದೆ ಎಂದಾದರೂ ಪಟ್ಟಾಭಿಷೇಕ – ಇದು ಅವರ "ಹೊಸ ರಾಜ್ಯ"ದ ಕನಸು.

ಆ ಸರ್ಕಾರ ಮಾಡಿದ ಅತಿ ದೊಡ್ಡ ಕೆಲಸ 1932ರ ಜುಲೈ 20ರದು. ಜರ್ಮನಿಯ ಐದರಲ್ಲಿ ಮೂರು ಪಾಲು ನೆಲ, ಜನ ಇದ್ದ ಪ್ರಷ್ಯ ಪ್ರಾಂತ್ಯದ ಸಮಾಜವಾದಿ ಸರ್ಕಾರವನ್ನು 48ನೇ ವಿಧಿ ಬಳಸಿ ವಜಾ ಮಾಡಿದರು. ನಮ್ಮಲ್ಲಿ 356ನೇ ವಿಧಿಯಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುತ್ತಾರಲ್ಲ, ಹಾಗೆ. ನಾಜಿಗಳ ಬೀದಿ ಪಡೆಯನ್ನು ಎದುರಿಸಬಲ್ಲ ಅತಿ ದೊಡ್ಡ ಪೊಲೀಸ್ ಬಲ ಇದ್ದದ್ದು ಆ ಪ್ರಾಂತ್ಯದ ಕೈಯಲ್ಲಿ. ಅದನ್ನು ಮುರಿದು ಹಾಕಿದರು. ಆರು ತಿಂಗಳ ನಂತರ ಆ ಪೊಲೀಸ್ ಬಲ ಸಿದ್ಧವಾಗಿ ಸಿಕ್ಕಿದ್ದು ಗೋರಿಂಗ್‌ಗೆ.

ಸೆಪ್ಟೆಂಬರ್ 12ರಂದು ಸಂಸತ್ತಿನಲ್ಲಿ ಪಾಪೆನ್ ವಿರುದ್ಧ ಅವಿಶ್ವಾಸ ಮತ ಬಂತು. ಸಂಸತ್ತಿನ ವಿಸರ್ಜನೆಯ ಆಜ್ಞೆ ಇದ್ದ ಕೆಂಪು ಚೀಲ ಹಿಡಿದುಕೊಂಡು ಪಾಪೆನ್ ಮಾತಿಗೆ ಎದ್ದರೆ, ಸಭಾಧ್ಯಕ್ಷ ಸ್ಥಾನದಲ್ಲಿದ್ದ ಗೋರಿಂಗ್ ಇನ್ನೊಂದು ಕಡೆ ಮುಖ ಮಾಡಿ ಕಾಣದವನಂತೆ ನಟಿಸಿ ಮತಕ್ಕೆ ಹಾಕಿದ. ಸರ್ಕಾರದ ವಿರುದ್ಧ 512, ಪರ 42. ರಾಜಪ್ರಭುತ್ವವಾದಿ ಸರ್ಕಾರಕ್ಕೆ ಜರ್ಮನಿಯಲ್ಲಿದ್ದ ಬೆಂಬಲದ ಅಳತೆ ಬೇಕಿದ್ದರೆ ಈ ಎರಡು ಸಂಖ್ಯೆ ಸಾಕು.

ಈಗ ಬದಲಿಸಬೇಕಾದ ಸಾಲಿಗೆ ಬರೋಣ. ನನ್ನ ಪ್ರಕಾರ ಅದು 1932ರ ಡಿಸೆಂಬರ್ 1ರ ಸಂಜೆ ಮತ್ತು 2ರ ಬೆಳಿಗ್ಗೆಯ ನಡುವೆ ಇದೆ. ನವೆಂಬರ್ ಚುನಾವಣೆಯಲ್ಲಿ ನಾಜಿಗಳು ಸುಮಾರು 20 ಲಕ್ಷ ಮತ ಕಳೆದುಕೊಂಡಿದ್ದರು, ಶೇ. 33ಕ್ಕೆ ಇಳಿದಿದ್ದರು. ಪಾಪೆನ್ ಹಿಂಡೆನ್‌ಬರ್ಗನ ಮುಂದೆ ಇಟ್ಟ ಸೂಚನೆ ಇದು: ಸಂಸತ್ತನ್ನು ವಿಸರ್ಜಿಸೋಣ, ಸಂವಿಧಾನ ಹೇಳುವ 60 ದಿನದೊಳಗೆ ಚುನಾವಣೆ ಬೇಡ, ಸೈನ್ಯದ ಬಲದಲ್ಲಿ ಆಳೋಣ, ಸಂವಿಧಾನ ಬದಲಿಸೋಣ. ಸಂಜೆ ಮುದುಕ ಒಪ್ಪಿದ. ಮರುದಿನ ಮಂತ್ರಿಮಂಡಲದಲ್ಲಿ ರಕ್ಷಣಾ ಮಂತ್ರಿ ಶ್ಲೈಶರ್ ತನ್ನ ಅಧಿಕಾರಿ ಓಟ್ ಎಂಬವನಿಂದ ಒಂದು ವರದಿ ಓದಿಸಿದ. ನಾಜಿಗಳೂ ಕಮ್ಯುನಿಸ್ಟರೂ ಒಟ್ಟಿಗೆ ಬೀದಿಗಿಳಿದರೆ, ಅದೇ ಹೊತ್ತಿಗೆ ಪೋಲೆಂಡ್ ಗಡಿಯಲ್ಲೂ ಗಲಾಟೆಯಾದರೆ, ವರ್ಸೇಲ್ಸ್ ಒಪ್ಪಂದದ ಪ್ರಕಾರ ಒಂದು ಲಕ್ಷಕ್ಕೆ ಸೀಮಿತವಾದ ಸೈನ್ಯ ತಡೆಯಲಾರದು ಎಂಬುದು ವರದಿ. ನಾಜಿಗಳ ಕಂದು ಅಂಗಿ ಪಡೆಯೊಂದೇ ನಾಲ್ಕು ಲಕ್ಷ ದಾಟಿತ್ತು. ಒಂದು ತಿಂಗಳ ಹಿಂದಷ್ಟೇ ಬರ್ಲಿನ್ ಸಾರಿಗೆ ಮುಷ್ಕರದಲ್ಲಿ ಆ ಎರಡೂ ಪಕ್ಷ ಜೊತೆಯಾಗಿ ನಿಂತದ್ದರಿಂದ ವರದಿಯನ್ನು ಎಲ್ಲರೂ ನಂಬಿದರು. ಈ ವಯಸ್ಸಿನಲ್ಲಿ ಅಂತರ್ಯುದ್ಧದ ಹೊಣೆ ಹೊರಲಾರೆ ಎಂದು ಹಿಂಡೆನ್‌ಬರ್ಗ್ ಕಣ್ಣೀರು ಹಾಕಿ ಪಾಪೆನ್‌ನನ್ನು ಬಿಟ್ಟುಕೊಟ್ಟ. ಶ್ಲೈಶರ್ ಚಾನ್ಸಲರ್ ಆದ. ಎಂಟು ವಾರದ ನಂತರ ಅದೇ ಶ್ಲೈಶರ್ ಅದೇ ತುರ್ತು ಅಧಿಕಾರವನ್ನು ಬೇಡಿದಾಗ ಮುದುಕ ಅವನದೇ ವರದಿಯನ್ನು ನೆನಪಿಸಿಕೊಂಡು ಇಲ್ಲ ಎಂದ.

ಆ ಬೆಳಿಗ್ಗೆ ವರದಿ ಓದದೆ ಇದ್ದಿದ್ದರೆ? ಅಮೆರಿಕದ ಇತಿಹಾಸಕಾರ ಹೆನ್ರಿ ಆಶ್ಬಿ ಟರ್ನರ್ 1996ರ ತನ್ನ ಪುಸ್ತಕದ ಕೊನೆಯಲ್ಲಿ ಇಂಥದ್ದೇ ಕಲ್ಪನೆ ಮಾಡಿದ್ದಾನೆ. ಆ ಹೊತ್ತಿಗೆ ಹಿಟ್ಲರನಿಗೆ ಸಾಧ್ಯವಿದ್ದ ಪರ್ಯಾಯ ಪ್ರಜಾಪ್ರಭುತ್ವವಲ್ಲ, ಸೈನ್ಯದ ಸರ್ವಾಧಿಕಾರ ಎನ್ನುತ್ತಾನೆ. ನಾನೂ ಒಪ್ಪುತ್ತೇನೆ. ಆದರೆ ಆ ಸರ್ಕಾರಕ್ಕೆ ಬೇಕಿದ್ದದ್ದು ಆರೆಂಟು ತಿಂಗಳ ಉಸಿರು ಮಾತ್ರ. ಯುದ್ಧಪರಿಹಾರದ ಸಾಲ 1932ರ ಜುಲೈಯಲ್ಲೇ ಲೊಸಾನ್ ಸಮ್ಮೇಳನದಲ್ಲಿ ಮುಗಿದಿತ್ತು. 60 ಲಕ್ಷ ದಾಟಿದ್ದ ನಿರುದ್ಯೋಗ ತಳ ಮುಟ್ಟಿ ಆಗಿತ್ತು. ಉದ್ಯೋಗ ಸೃಷ್ಟಿಗೆ 50 ಕೋಟಿ ಮಾರ್ಕಿನ ಕಾರ್ಯಕ್ರಮ ಶ್ಲೈಶರ್ ಕಾಲದಲ್ಲೇ ತಯಾರಾಯಿತು. ಮಳೆ ಬಂದಾಗ ಗದ್ದುಗೆಯಲ್ಲಿ ಯಾರಿರುತ್ತಾರೋ ಪುಣ್ಯ ಅವರದೇ. ಕೆಲಸ ಕೊಟ್ಟವನು ಎಂಬ ಹೆಸರು ಹಿಟ್ಲರನಿಗೆ ಹೋದದ್ದು ಹೀಗೆ. ನಾಜಿ ಪಕ್ಷ ಆಗಲೇ ಹಣವಿಲ್ಲದೆ, ಒಳಜಗಳದಲ್ಲಿ ಸೊರಗುತ್ತಿತ್ತು. ಇನ್ನೊಂದು ವರ್ಷ ಕಾಯಿಸಿದ್ದರೆ ಆ ಮೆರವಣಿಗೆ ಕರಗುತ್ತಿತ್ತು ಎಂದೇ ನನ್ನ ಅಂದಾಜು.

ಹಾಗಾದರೆ ಆ ಇನ್ನೊಂದು ಜರ್ಮನಿ ಹೇಗಿರುತ್ತಿತ್ತು? ಚೆನ್ನಾಗಿರುತ್ತಿರಲಿಲ್ಲ, ಇದನ್ನು ಹೇಳಲೇಬೇಕು. ಕಮ್ಯುನಿಸ್ಟರಿಗೆ ಜೈಲು, ಕಾರ್ಮಿಕ ಸಂಘಗಳಿಗೆ ಬಾಯಿಗೆ ಬೀಗ, ಕೂಲಿಯವನ ಮತಕ್ಕಿಂತ ಜಮೀನುದಾರನ ಮತಕ್ಕೆ ಹೆಚ್ಚು ತೂಕ. ಸೈನ್ಯ ಬೆಳೆಯುತ್ತಿತ್ತು, ಶಸ್ತ್ರಾಸ್ತ್ರದಲ್ಲಿ ಜರ್ಮನಿಗೂ ಸಮಾನ ಹಕ್ಕು ಎಂದು ದೊಡ್ಡ ರಾಷ್ಟ್ರಗಳು ಡಿಸೆಂಬರ್ 11ರಂದು ಒಪ್ಪಿಯೂ ಆಗಿತ್ತು. ಪೋಲೆಂಡಿಗೆ ಕೊಟ್ಟ ನೆಲಕ್ಕಾಗಿ ಒಂದು ಯುದ್ಧ ಆಗಿದ್ದರೂ ಆಶ್ಚರ್ಯವಿಲ್ಲ. ಯಹೂದಿಗಳನ್ನು ಕಾಲೇಜಿನಿಂದ, ನೌಕರಿಯಿಂದ ದೂರವಿಡುವ ಕಾನೂನುಗಳು ಬರುತ್ತಿದ್ದವು.

ಇದು ಬರೀ ಊಹೆಯಲ್ಲ, ನೆರೆಯಲ್ಲೇ ಮಾದರಿಯಿತ್ತು. ಹಂಗೇರಿ 1920ರಿಂದ "ರಾಜನಿಲ್ಲದ ರಾಜ್ಯ". ಅಡ್ಮಿರಲ್ ಹೋರ್ಟಿ ರಾಜಪ್ರತಿನಿಧಿ. ಸಮುದ್ರವೇ ಇಲ್ಲದ ದೇಶಕ್ಕೆ ನೌಕಾಪತಿ, ಸಿಂಹಾಸನದಲ್ಲಿ ಯಾರೂ ಇಲ್ಲದ ರಾಜ್ಯಕ್ಕೆ ಪ್ರತಿನಿಧಿ. ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನನ್ನು ಆ ದೇಶ 1920ರಲ್ಲೇ ಮಾಡಿತು. ಮುಂದೆ ಹಿಟ್ಲರನ ಜೊತೆ ಯುದ್ಧಕ್ಕೂ ಹೋಯಿತು. 1944ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಒಳಗೆ ಬಂದ ಮೇಲೆ, ಮೇ ಮಧ್ಯದಿಂದ ಎಂಟು ವಾರದಲ್ಲಿ ಸುಮಾರು 4 ಲಕ್ಷ 37 ಸಾವಿರ ಯಹೂದಿಗಳನ್ನು ಹಂಗೇರಿಯ ಪೊಲೀಸರೇ ರೈಲು ಹತ್ತಿಸಿದರು, ಬಹುಪಾಲು ಆಷ್‌ವಿಟ್ಜ್‌ಗೆ. ಜುಲೈ ಮೊದಲ ವಾರದಲ್ಲಿ ಹೋರ್ಟಿ ನಿಲ್ಲಿಸಿ ಎಂದು ಆಜ್ಞೆ ಮಾಡಿದ. ರೈಲುಗಳು ನಿಂತವು. ಬುಡಾಪೆಸ್ಟ್ ನಗರದವರು ಆ ಹೊತ್ತಿಗೆ ಉಳಿದರು. ನಿಲ್ಲಿಸುವ ಶಕ್ತಿ ಅವನ ಕೈಯಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಎಂಟು ವಾರ ನಿಲ್ಲಿಸಲಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಈಗ ಮೇಷ್ಟ್ರ ಪ್ರಶ್ನೆ. ಇಟಲಿಯಲ್ಲಿ ರಾಜ ಇದ್ದನಲ್ಲ? ಇದ್ದ. 1922ರ ಅಕ್ಟೋಬರ್‌ನಲ್ಲಿ ಮುಸೊಲಿನಿಯ ಪಡೆ ರೋಮ್ ಕಡೆ ಹೊರಟಾಗ ಪ್ರಧಾನಿ ಫಾಕ್ಟಾ ಸೈನಿಕ ಕಾನೂನಿನ ಆದೇಶ ಸಿದ್ಧಮಾಡಿ ತಂದ; ರಾಜ ಮೂರನೇ ವಿಕ್ಟರ್ ಇಮಾನ್ಯುಯೆಲ್ ಸಹಿ ಹಾಕಲಿಲ್ಲ, ಮುಸೊಲಿನಿಯನ್ನೇ ಕರೆದು ಪ್ರಧಾನಿ ಮಾಡಿದ. 1938ರ ಯಹೂದಿ ವಿರೋಧಿ ಕಾನೂನುಗಳಿಗೂ ಅವನ ಸಹಿ ಬಿತ್ತು. ಆದರೆ 1943ರ ಜುಲೈ 25ರಂದು ಅದೇ ರಾಜ ಮುಸೊಲಿನಿಯನ್ನು ಅರಮನೆಗೆ ಕರೆಸಿ, ನಿನ್ನ ಕೆಲಸ ಮುಗಿಯಿತು ಎಂದು ಹೇಳಿ, ಹೊರಬರುತ್ತಿದ್ದಂತೆ ಬಂಧಿಸಿಸಿದ. ಕಾನೂನಿನ ಪ್ರಕಾರವೇ, ಗುಂಡು ಹಾರದೆ. ಜರ್ಮನಿಯಲ್ಲಿ ಅದು ಸಾಧ್ಯವಿರಲಿಲ್ಲ. 1934ರ ಆಗಸ್ಟ್ 2ರಂದು ಹಿಂಡೆನ್‌ಬರ್ಗ್ ಸತ್ತ ದಿನವೇ ಅಧ್ಯಕ್ಷ ಪದವಿಯೂ ಹಿಟ್ಲರನಲ್ಲಿ ಸೇರಿತು, ಸೈನಿಕರು ಅವನ ಹೆಸರಿನಲ್ಲೇ ಪ್ರಮಾಣ ಮಾಡಿದರು. ಅವನನ್ನು ಮನೆಗೆ ಕಳಿಸಬಲ್ಲವರು ಯಾರೂ ಉಳಿದಿರಲಿಲ್ಲವಾದ್ದರಿಂದಲೇ 1944ರ ಜುಲೈಯಲ್ಲಿ ಸೇನಾಧಿಕಾರಿಗಳು ಬಾಂಬ್ ಇಡಬೇಕಾಯಿತು, ಅದೂ ಗುರಿ ತಪ್ಪಿತು.

ಹಾಗಾದರೆ ರಾಜ ಇದ್ದಿದ್ದರೆ ಕೊನೆಗಾದರೂ ತೆಗೆಯಬಹುದಿತ್ತು, ನನ್ನ ಸಾಲು ಅರ್ಧ ಸರಿ ಎಂದು ಬಹಳ ದಿನ ಹಿಗ್ಗಿದ್ದೆ. ಆಮೇಲೆ ಹೊಳೆಯಿತು: 1933ರ ಜನವರಿ 30ರಿಂದ ಒಂದೂವರೆ ವರ್ಷ ಹಿಂಡೆನ್‌ಬರ್ಗನಿಗೆ ಇದೇ ಅಧಿಕಾರವಿತ್ತು. ಒಂದು ಸಹಿಯಿಂದ ಹಿಟ್ಲರನನ್ನು ವಜಾ ಮಾಡಬಹುದಿತ್ತು. ಕಿರೀಟವೊಂದಿಲ್ಲ ಅಷ್ಟೇ, ರಾಜ ಮಾಡಬಹುದಾದ ಎಲ್ಲವನ್ನೂ ಮಾಡುವ ಸ್ಥಾನದಲ್ಲಿ ರಾಜಪ್ರಭುತ್ವವಾದಿಯೇ ಕೂತಿದ್ದ. ಹಿಟ್ಲರನ ಮೊದಲ ಮಂತ್ರಿಮಂಡಲದಲ್ಲಿ ನಾಜಿಗಳು ಅವನೂ ಸೇರಿ ಮೂವರು, ಉಳಿದವರು ಪಾಪೆನ್, ಹೂಗೆನ್‌ಬೆರ್ಗ್ ಮತ್ತು ಅವರ ಜಾತಿಯವರು. ಅವನನ್ನು ಮೂಲೆಗೆ ಒತ್ತಿ ಕೂರಿಸಿದ್ದೇವೆ ಎಂದು ಪಾಪೆನ್ ಗೆಳೆಯರ ಮುಂದೆ ಬೀಗಿದ್ದ. ಅವರಿಗೆ ಬೇಕಿದ್ದದ್ದು ಹಿಟ್ಲರನ ಜನ. ಬೇಡವಾಗಿದ್ದದ್ದು ಮತ ಹಾಕುವ ಜನ. ಮುಂದೆ ಯುವರಾಜ ರುಪ್ರೆಕ್ಟ್‌ನನ್ನು ಮುಂದಿಟ್ಟುಕೊಂಡು ನಾಜಿಗಳನ್ನು ತಡೆಯುವ ಯೋಚನೆ ಬವೇರಿಯಾದಲ್ಲಿ ನಡೆಯಿತು. ಅಲ್ಲಿನ ಸರ್ಕಾರ ಹಿಂದುಮುಂದು ನೋಡುತ್ತಿರುವಾಗಲೇ ಮಾರ್ಚ್ 9ರಂದು ಮ್ಯೂನಿಕ್ ಕೈತಪ್ಪಿತು.

ಪಾಟ್ಸ್‌ಡ್ಯಾಮ್ ಊರಿನ ಗ್ಯಾರಿಸನ್ ಚರ್ಚ್ ಇದ್ದ ಜಾಗಕ್ಕೆ ಹೋಗಿದ್ದೆ. ಯುದ್ಧದಲ್ಲಿ ಸುಟ್ಟು, ಉಳಿದದ್ದನ್ನು 1968ರಲ್ಲಿ ಕೆಡವಿ, ಈಗ ಗೋಪುರ ಮತ್ತೆ ಕಟ್ಟಿದ್ದಾರೆ. 1933ರ ಮಾರ್ಚ್ 21ರಂದು ಅಲ್ಲಿ ಹೊಸ ಸಂಸತ್ತಿನ ಸಮಾರಂಭ. ಕೈಸರನ ಕುರ್ಚಿಯನ್ನು ಖಾಲಿ ಬಿಟ್ಟು, ಹಿಂದೆ ಅವನ ಹಿರಿಮಗನನ್ನು ಕೂರಿಸಿದ್ದರು. ಪೂರ್ತಿ ಸಮವಸ್ತ್ರದಲ್ಲಿ ಬಂದ ಹಿಂಡೆನ್‌ಬರ್ಗ್ ಆ ಖಾಲಿ ಕುರ್ಚಿಗೆ ತನ್ನ ದಂಡವೆತ್ತಿ ವಂದಿಸಿದ. ರಾಜಪ್ರಭುತ್ವವಾದಿಗಳಿಗೆ ಆನಂದಬಾಷ್ಪ. ಎರಡೇ ದಿನಕ್ಕೆ, 444 ಮತಗಳಿಂದ, ಸಂಸತ್ತು ತನ್ನ ಅಧಿಕಾರವನ್ನು ಹಿಟ್ಲರನಿಗೆ ಒಪ್ಪಿಸಿತು. ವಿರುದ್ಧ ಮತ ಹಾಕಿದ 94 ಮಂದಿಯೂ ಸಮಾಜವಾದಿಗಳು. ಜೂನ್‌ಗೆ ಹೂಗೆನ್‌ಬೆರ್ಗ್ ಮಂತ್ರಿಗಿರಿ ಬಿಟ್ಟ, ಅವನ ಪಕ್ಷ ಮುಚ್ಚಿತು. 1934ರ ಫೆಬ್ರವರಿಗೆ ರಾಜಪ್ರಭುತ್ವವಾದಿ ಸಂಘಗಳಿಗೆ ನಿಷೇಧ. ಅದೇ ವರ್ಷ ಜೂನ್ 30ರಂದು ಶ್ಲೈಶರ್‌ನನ್ನು ಹೆಂಡತಿಯ ಸಮೇತ ಮನೆಯಲ್ಲೇ ಗುಂಡಿಟ್ಟು ಕೊಂದರು. ಪಾಪೆನ್‌ಗೆ ಭಾಷಣ ಬರೆದುಕೊಟ್ಟ ಯುಂಗ್‌ನನ್ನೂ ಕೊಂದರು. ಪಾಪೆನ್ ಮಾತ್ರ ಆಮೇಲೂ ಅದೇ ಹಿಟ್ಲರನಿಗೆ ರಾಯಭಾರಿಯಾಗಿ ಕೆಲಸ ಮಾಡಿ, ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಖುಲಾಸೆಯಾಗಿ, 1969ರ ತನಕ ಬದುಕಿದ.

ತಾತನ ಪಟದ ವಿಷಯಕ್ಕೆ ಮರಳುತ್ತೇನೆ. ನಮ್ಮಲ್ಲೂ 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ "ಮೈಸೂರು ಚಲೋ" ಚಳವಳಿ ನಡೆಯಬೇಕಾಯಿತು, ತಾನಾಗಿ ಯಾವುದೂ ಸಿಗಲಿಲ್ಲ. ಆದರೂ ಜಯಚಾಮರಾಜ ಒಡೆಯರು ಒಪ್ಪಿ, ಮುಂದೆ ರಾಜಪ್ರಮುಖರಾಗಿ, 1956ರ ನಂತರ ರಾಜ್ಯಪಾಲರಾಗಿ ಅದೇ ಗಣರಾಜ್ಯದ ಸಂವಿಧಾನದ ಕೆಳಗೆ ಕೂತರು. ತಾತ ಪಟಕ್ಕೆ ಹೂವು ಏರಿಸುತ್ತಿದ್ದರೂ ಒಂದು ಚುನಾವಣೆಗೂ ಮತ ಹಾಕದೆ ಉಳಿದವರಲ್ಲ. ಅವೆರಡರ ನಡುವೆ ಜಗಳವಿದೆ ಎಂದು ಅವರಿಗೆ ಅನಿಸಲೇ ಇಲ್ಲ. ಜರ್ಮನಿಯ ಪಾಪೆನ್‌ಗಳಿಗೆ ಅನಿಸಿತ್ತು.

ಡೋರ್ನ್ ತೋಟದ ಮೂಲೆಯಲ್ಲಿ ಒಂದು ಪುಟ್ಟ ಸಮಾಧಿ ಮಂಟಪವಿದೆ. 1941ರ ಜೂನ್ 4ರಂದು ಸತ್ತ ಕೈಸರ್ ಅದರೊಳಗಿದ್ದಾನೆ. ಜರ್ಮನಿಯಲ್ಲಿ ರಾಜಪ್ರಭುತ್ವ ಮರಳಿದರೆ ಮಾತ್ರ ನನ್ನ ದೇಹ ಅಲ್ಲಿಗೆ ಹೋಗಲಿ ಎಂದು ಬರೆದಿಟ್ಟಿದ್ದನಂತೆ. ಇನ್ನೂ ಅಲ್ಲೇ ಇದ್ದಾನೆ.

ಮಹೋತ್ಸವದ ದಿನ ನಮ್ಮ ಮೇಷ್ಟ್ರೂ ಬರುತ್ತಾರೆ ಎಂದು ಸಮಿತಿಯವರು ತಿಳಿಸಿದ್ದಾರೆ. ಹಳೆಯ ಉತ್ತರ ಪತ್ರಿಕೆ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು, ತರುತ್ತೇನೆ. ಆ ಒಂದು ಅಂಕ ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ನಾಲ್ಕು ಅಂಕದ ಪ್ರಶ್ನೆಗೆ ಇಷ್ಟು ಪುಟ ಬರೆದದ್ದಕ್ಕೆ ಬೈಸಿಕೊಳ್ಳುವುದಂತೂ ಖಂಡಿತ.